ವಿಕ್ರಮ ಕೇಳಿದ ವರ

ನಾಟಕ ಮುಗಿದ ಮೇಲಿನ ಮಾತುಕತೆಯಲ್ಲಿ ತಪ್ಪದೆ ಕೇಳಿಬರುವ ಒಂದು ಅಭಿಪ್ರಾಯವಿದೆ. ಪಾತ್ರ ಕಷ್ಟದಲ್ಲಿ ಬೆಂದು ಮಾಗಿತು, ಮೊದಲ ಅಂಕದಲ್ಲಿ ಕಂಡ ಮನುಷ್ಯನೇ ಬೇರೆ, ಕೊನೆಯಲ್ಲಿ ಕಂಡವನೇ ಬೇರೆ ಎಂಬುದು ಅದರ ಸಾರ. ಮೈಸೂರಿನ ರಂಗಾಯಣದ ಭೂಮಿಗೀತ ರಂಗಮಂದಿರದಿಂದ ಹೊರಬಂದು ಚಹಾ ಕುಡಿಯುತ್ತ ನಿಂತವರು ಇದನ್ನು ವಿಮರ್ಶೆಯ ಭಾಷೆಯಲ್ಲಿ ಹೇಳುತ್ತಾರೆ. ಮಂಡ್ಯದ ಕಡೆಯ ಹಳ್ಳಿಗಳಲ್ಲಿ ರಾತ್ರಿಯಿಡೀ ಪೌರಾಣಿಕ ನಾಟಕ ನೋಡಿ ಬೆಳಗಿನ ಮೊದಲ ಬಸ್ಸಿಗೆ ಕಾಯುವವರು ‘ಅನುಭವಿಸಿದ ಮೇಲೆ ಬುದ್ಧಿ ಬಂತು’ ಎಂದು ಒಂದೇ ಮಾತಿನಲ್ಲಿ ಮುಗಿಸುತ್ತಾರೆ. ಎರಡೂ ಬಗೆಯ ರಂಗಭೂಮಿಯನ್ನು ಬಹುಕಾಲದಿಂದ ನೋಡುತ್ತ ಬಂದ ನನಗೆ ಈ ಮಾತು ಪೂರ್ತಿ ಸುಳ್ಳೆನಿಸಿಲ್ಲ, ಆದರೆ ಇಷ್ಟು ಸಲೀಸಾಗಿ ಹೇಳಿಬಿಡುವಂಥದ್ದೂ ಅಲ್ಲ ಎನಿಸಿದೆ. ಕಷ್ಟ ಬಂದ ಮಾತ್ರಕ್ಕೆ ಪಾತ್ರ ಬೆಳೆಯುವುದಿಲ್ಲ. ಕೆಲವು ಪಾತ್ರಗಳು ಎಂಥ ಕಷ್ಟಕ್ಕೂ ಅಲುಗುವುದಿಲ್ಲ, ಕೆಲವು ಕೆಡುತ್ತವೆ, ಕೆಲವು ಏನನ್ನೂ ಕಲಿಯದೆ ಮುಂದೆ ಸಾಗುತ್ತವೆ. ನಿಜಕ್ಕೂ ಬೆಳೆದ ಪಾತ್ರಗಳನ್ನು ಒಟ್ಟಿಗಿಟ್ಟು ನೋಡಿದರೆ ಮಾತ್ರ, ದೇಶ ಕಾಲಗಳು ಎಷ್ಟೇ ದೂರವಿದ್ದರೂ, ಅವೆಲ್ಲ ಒಂದೇ ಕಡೆಗೆ ಮುಖ ಮಾಡಿರುವುದು ಕಾಣುತ್ತದೆ: ತನ್ನ ನೋವಿನ ನಡುವೆಯೇ ಮತ್ತೊಬ್ಬರ ನೋವು ಕಣ್ಣಿಗೆ ಬೀಳುವ ಕಡೆಗೆ.

ಅಲುಗದ ಪಾತ್ರದಿಂದಲೇ ಆರಂಭಿಸುತ್ತೇನೆ. ಕಷ್ಟ ಎಂದೊಡನೆ ನಮ್ಮ ನಾಡಿನವರ ನೆನಪಿಗೆ ಬರುವವನು ಹರಿಶ್ಚಂದ್ರ. 13ನೆಯ ಶತಮಾನದ ರಾಘವಾಂಕನ ಕಾವ್ಯದಿಂದ ಹಿಡಿದು ಕಂಪನಿ ನಾಟಕಗಳವರೆಗೆ ಅವನ ಕಥೆ ಹರಿದುಬಂದಿದೆ. ಬಾಲಕನಾಗಿದ್ದಾಗ ಈ ನಾಟಕವನ್ನು ನೋಡಿ ಮನಸೋತದ್ದನ್ನು ಗಾಂಧೀಜಿಯವರು ತಮ್ಮ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾರೆ. ರಾಜ್ಯ ಹೋಗುತ್ತದೆ, ಸಾಲ ವಸೂಲಿಗೆ ನಕ್ಷತ್ರಿಕ ಬೆನ್ನು ಬೀಳುತ್ತಾನೆ, ಕಾಶಿಯಲ್ಲಿ ಹೆಂಡತಿ ಮಕ್ಕಳ ಮಾರಾಟವಾಗುತ್ತದೆ, ಕೊನೆಗೆ ತನ್ನನ್ನೇ ವೀರಬಾಹುವಿಗೆ ಮಾರಿಕೊಂಡು ಸುಡುಗಾಡು ಕಾಯಲು ನಿಲ್ಲುತ್ತಾನೆ. ಹಾವು ಕಚ್ಚಿ ಸತ್ತ ಲೋಹಿತಾಶ್ವನನ್ನು ಹೊತ್ತು ಚಂದ್ರಮತಿ ಬಂದಾಗ, ಗುರುತು ಹತ್ತಿದ ಮೇಲೂ ಅವನು ಸುಡುಗಾಡಿನ ತೆರಿಗೆ ಕೇಳುವುದನ್ನು ಬಿಡುವುದಿಲ್ಲ. ಇಷ್ಟೆಲ್ಲ ಆದರೂ ಅವನು ಬದಲಾದನೇ ಎಂದು ಕೇಳಿದರೆ, ಇಲ್ಲ ಎಂದೇ ಹೇಳಬೇಕಾಗುತ್ತದೆ. ಪುಟಕ್ಕಿಟ್ಟ ಚಿನ್ನ ಬೇರೆ ಲೋಹವಾಗುವುದಿಲ್ಲ, ಚಿನ್ನವೆಂಬುದು ಖಾತರಿಯಾಗುತ್ತದೆ ಅಷ್ಟೆ. ಆ ಕಥೆಯಲ್ಲಿ ಬದಲಾಗುವವನು ಕಷ್ಟ ಕೊಟ್ಟ ವಿಶ್ವಾಮಿತ್ರ. ಹಟ ಹಿಡಿದವನು ಸೋಲೊಪ್ಪಿಕೊಳ್ಳುತ್ತಾನೆ. ಕಷ್ಟಪಟ್ಟವನು ಮೊದಲಿದ್ದಲ್ಲಿಗೇ ಮರಳುತ್ತಾನೆ.

ಇಲ್ಲಿ ಒಂದು ಅವಕಾಶ ಕೈತಪ್ಪಿದೆ ಎಂಬ ಅತೃಪ್ತಿ ನನಗೆ ಮೊದಲಿಂದಲೂ ಇದೆ. ವಿಶ್ವಾಮಿತ್ರ ಕಳಿಸಿದ ಅನಾಮಿಕ, ಎಂದರೆ ಅಂದಿನವರು ಅಸ್ಪೃಶ್ಯವೆಂದ ಕುಲದ, ಕನ್ಯೆಯರನ್ನು ಮದುವೆಯಾಗಲು ಹರಿಶ್ಚಂದ್ರ ಒಪ್ಪದಿರುವುದು ಕುಲದ ಕಾರಣಕ್ಕೆ. ಅವರನ್ನು ಕೈಹಿಡಿಯುವುದಕ್ಕಿಂತ ರಾಜ್ಯ ಬಿಡುವುದೇ ಮೇಲೆಂದು ಹೊರಟವನು ಅವನು. ಅದೇ ಮನುಷ್ಯನಿಗೆ ಕಾಶಿಯಲ್ಲಿ ನೆಲೆಯಾದದ್ದು ವೀರಬಾಹುವಿನ ಊಳಿಗ. ಹಿಂದೆ ಯಾರನ್ನು ಹತ್ತಿರ ಸೇರಿಸಲಿಲ್ಲವೋ ಅವರದೇ ಅನ್ನದಲ್ಲಿ ಬದುಕಬೇಕಾಗಿ ಬಂದ ಈ ತಿರುವು ಅವನೊಳಗೆ ಏನನ್ನು ಮಾಡಿತು? ಆ ಪ್ರಶ್ನೆ ಅವನ ಬಾಯಲ್ಲಿ ಮಾತಾಗಿ ಬಂದದ್ದನ್ನು ನಾನು ನೋಡಿದ ಪ್ರಯೋಗಗಳಲ್ಲಿ ಕಂಡಿಲ್ಲ. ಸತ್ಯ ಉಳಿಯಿತೇ ಎಂಬ ಆತಂಕದ ಮುಂದೆ ಮನುಷ್ಯ ಬೆಳೆದನೇ ಎಂಬ ಕುತೂಹಲಕ್ಕೆ ಜಾಗ ಸಿಗುವುದಿಲ್ಲ. ನಾಟಕದ ಗುರಿಯೇ ಬೇರೆಯಾಗಿರುವುದರಿಂದ ಇದನ್ನು ದೋಷವೆನ್ನಲಾರೆ.

ಮಂಡ್ಯ, ಮೈಸೂರಿನ ಹಳ್ಳಿಗಳಲ್ಲಿ ‘ಕುರುಕ್ಷೇತ್ರ’ದಷ್ಟೇ ಜನಪ್ರಿಯವಾದ ಇನ್ನೊಂದು ನಾಟಕ ‘ಶನಿಪ್ರಭಾವ ಅಥವಾ ರಾಜಾ ವಿಕ್ರಮ’. ಊರಿನವರೇ ಪಾತ್ರ ವಹಿಸುತ್ತಾರೆ, ಪಾತ್ರಕ್ಕೆ ತಾವೇ ದುಡ್ಡು ಹಾಕುತ್ತಾರೆ, ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ಕಂದ ಪದ್ಯಗಳನ್ನು, ಹಾಡಿನ ಮಟ್ಟುಗಳನ್ನು ಕಲಿಸುತ್ತಾರೆ, ಸ್ತ್ರೀಪಾತ್ರಗಳಿಗೆ ಹೊರಗಿನಿಂದ ಕಲಾವಿದೆಯರನ್ನು ಕರೆಸುತ್ತಾರೆ. ನಗರದ ವಿಮರ್ಶಕರು ಈ ನಾಟಕದ ಕಡೆ ತಿರುಗಿ ನೋಡುವುದು ಕಡಿಮೆ. ಪಾತ್ರದ ಬದಲಾವಣೆಯ ವಿಷಯದಲ್ಲಿ ಮಾತ್ರ ಇದು ಹರಿಶ್ಚಂದ್ರನ ಕಥೆಗಿಂತ ಒಂದು ಹೆಜ್ಜೆ ಮುಂದಿದೆ ಎಂಬುದು ನನ್ನ ಎಣಿಕೆ.

ಕಥೆ ಎಲ್ಲರಿಗೂ ಗೊತ್ತಿರುವುದೇ. ಗ್ರಹಗಳಲ್ಲಿ ಯಾರು ಹೆಚ್ಚು ಎಂದು ಪಂಡಿತರು ವಾದಿಸುತ್ತಿರುವಾಗ ಉಜ್ಜಯಿನಿಯ ವಿಕ್ರಮ ಶನಿಯನ್ನು ಹಗುರವಾಗಿ ಆಡುತ್ತಾನೆ. ಅದನ್ನು ಕೇಳಿಸಿಕೊಂಡ ಶನಿ ಏಳೂವರೆ ವರ್ಷ ಅವನನ್ನು ಹಿಡಿಯುತ್ತಾನೆ. ಮಾಯದ ಕುದುರೆ ಅವನನ್ನು ಹೊತ್ತೊಯ್ದು ಕಾಡಿನಲ್ಲಿ ಕೆಡವುತ್ತದೆ. ಪರದೇಶದಲ್ಲಿ ವರ್ತಕನೊಬ್ಬನ ಮನೆ ಸೇರಿದಾಗ ಗೋಡೆಯ ಚಿತ್ರದ ಹಂಸ ಜೀವ ತಳೆದು ಮುತ್ತಿನ ಹಾರವನ್ನು ನುಂಗಿಬಿಡುತ್ತದೆ, ಕಳ್ಳತನದ ಆರೋಪ ವಿಕ್ರಮನ ತಲೆಗೆ ಬರುತ್ತದೆ, ಅಲ್ಲಿನ ರಾಜ ಅವನ ಕೈಕಾಲು ಕಡಿಸಿ ಹಾಕುತ್ತಾನೆ. ಗಾಣಿಗನೊಬ್ಬ ಕನಿಕರದಿಂದ ಕರೆದೊಯ್ದು ಗಾಣದ ಮೇಲೆ ಕೂರಿಸುತ್ತಾನೆ. ಸಿಂಹಾಸನದಲ್ಲಿ ಕೂತವನು ಎತ್ತುಗಳ ಹಿಂದೆ ಕೂತು ಸುತ್ತಿದಲ್ಲೇ ಸುತ್ತುತ್ತಾನೆ.

ಈ ದೃಶ್ಯವನ್ನು ರಂಗದ ಮೇಲೆ ನೋಡುವಾಗ ನನ್ನ ಗಮನ ಸೆಳೆಯುವುದು ನಟನ ದೇಹ. ಪೌರಾಣಿಕ ನಾಟಕದ ಅರಸನ ಗತ್ತೆಲ್ಲ ಇರುವುದು ಅವನ ಕೈಯಲ್ಲಿ. ಕಂದ ಎತ್ತಿಕೊಂಡಾಗ ಬಲಗೈ ಮೇಲೇಳುತ್ತದೆ, ಮಾತಿನ ನಡುವೆ ಮೀಸೆಯ ಮೇಲೆ ಕೈ ಹೋಗುತ್ತದೆ, ಸಿಟ್ಟು ಬಂದರೆ ಕತ್ತಿಯ ಹಿಡಿಗೆ ಹೋಗುತ್ತದೆ, ಮೈಕಿನ ಮುಂದೆ ಬಂದು ರಾಗ ಎಳೆಯುವಾಗ ಎರಡೂ ತೋಳು ಅಗಲವಾಗಿ ಚಾಚಿಕೊಳ್ಳುತ್ತವೆ. ಕೈಕಾಲು ಕಡಿಸಿಕೊಂಡ ವಿಕ್ರಮನ ಪಾತ್ರಧಾರಿ ಮೊಣಕೈ ಮಡಿಸಿ ಬಟ್ಟೆ ಸುತ್ತಿಕೊಂಡು, ಕಾಲನ್ನು ಮುಚ್ಚಿಟ್ಟುಕೊಂಡು ಕೂರಬೇಕು. ಅಂದರೆ ಪಾತ್ರ ಕಳೆದುಕೊಂಡದ್ದನ್ನು ನಟನೂ ಕಳೆದುಕೊಂಡಿರುತ್ತಾನೆ. ಅಭ್ಯಾಸವಾದ ಅಭಿನಯದ ಸಲಕರಣೆಗಳೊಂದೂ ಅವನ ಬಳಿ ಉಳಿದಿರುವುದಿಲ್ಲ. ಉಳಿದಿರುವುದು ಕಂಠ ಮಾತ್ರ. ದೀಪಕ ರಾಗ ಹಾಡಿ ಊರಿನ ದೀಪಗಳು ಹೊತ್ತಿಕೊಂಡು ರಾಜಕುಮಾರಿ ಅವನನ್ನು ಹುಡುಕಿಸುವ ಘಟನೆ ಬರುವುದು ಈ ಸ್ಥಿತಿಯಲ್ಲೇ. ಸಾಧಾರಣ ನಟನೊಬ್ಬ ಈ ದೃಶ್ಯದಲ್ಲಿ ಇದ್ದಕ್ಕಿದ್ದಂತೆ ಒಳ್ಳೆಯ ನಟನಂತೆ ಕಂಡದ್ದನ್ನು ನಾನು ನೋಡಿದ್ದೇನೆ. ಅಬ್ಬರಕ್ಕೆ ದಾರಿಯೇ ಇಲ್ಲದಾಗ ಅಭಿನಯ ತಾನಾಗಿ ಒಳಕ್ಕೆ ಸರಿಯುತ್ತದೆ.

ಆದರೆ ವಿಕ್ರಮನ ನಿಜವಾದ ಬದಲಾವಣೆ ಇರುವುದು ಗಾಣದ ದೃಶ್ಯದಲ್ಲಲ್ಲ. ಏಳೂವರೆ ವರ್ಷ ಮುಗಿದು ಶನಿ ಪ್ರತ್ಯಕ್ಷನಾಗಿ, ಕೈಕಾಲು ಮರಳಿ ಕೊಟ್ಟು, ಬೇಕಾದ ವರ ಕೇಳು ಎನ್ನುತ್ತಾನೆ. ವಿಕ್ರಮ ಹೋದ ವರ್ಷಗಳನ್ನು ಕೇಳಬಹುದಿತ್ತು, ಮುಂದೆಂದೂ ತನ್ನ ತಂಟೆಗೆ ಬರಬೇಡ ಎನ್ನಬಹುದಿತ್ತು, ಕೈಕಾಲು ಕಡಿಸಿದವರಿಗೆ ಶಿಕ್ಷೆ ಬೇಡಬಹುದಿತ್ತು. ನನ್ನನ್ನು ಕಾಡಿದ ಹಾಗೆ ಇನ್ನು ಯಾರನ್ನೂ ಕಾಡಬೇಡ ಎಂದು ಅವನು ಕೇಳುತ್ತಾನೆ. ಮೊದಲ ದೃಶ್ಯದಲ್ಲಿ ಗ್ರಹಗಳ ಹಿರಿಮೆ ಅವನಿಗೆ ಸಭೆಯ ಹರಟೆಯ ವಿಷಯವಾಗಿತ್ತು. ಏಳೂವರೆ ವರ್ಷದ ಕೊನೆಯಲ್ಲಿ ಅವನಿಗೆ ಕಾಣುತ್ತಿರುವುದು ತಾನು ಎಂದೂ ನೋಡದ, ಶನಿಯ ಸರದಿಗೆ ಕಾದಿರುವ ಜನ. ಇದಕ್ಕಿಂತ ಸ್ಪಷ್ಟವಾಗಿ ಪಾತ್ರದ ಬೆಳವಣಿಗೆಯನ್ನು ತೋರಿಸುವ ಮಾತನ್ನು ನಾನು ಹೆಚ್ಚು ನಾಟಕಗಳಲ್ಲಿ ಕಂಡಿಲ್ಲ. ಕಷ್ಟ ಮನುಷ್ಯನನ್ನು ತಿದ್ದುವ ಗುರು ಎಂದು ಉಪದೇಶಿಸುವವರು ಈ ವರವನ್ನು ಗಮನಿಸಬೇಕು. ಕಷ್ಟದಿಂದ ನಿಜಕ್ಕೂ ತಿದ್ದಿಕೊಂಡವನೇ ಆ ಕಷ್ಟ ಇನ್ನೊಬ್ಬರಿಗೆ ಬೇಡವೆನ್ನುತ್ತಿದ್ದಾನೆ.

ದುರದೃಷ್ಟವೆಂದರೆ ಈ ಮಾತು ಬರುವ ಹೊತ್ತಿಗೆ ಬೆಳಗಾಗಿರುತ್ತದೆ. ಹಾರಗಳ ವಿತರಣೆ, ಸನ್ಮಾನ, ಒನ್ಸ್ ಮೋರ್‌ಗಳಲ್ಲಿ ಕಾಲ ಸರಿದುಹೋಗಿ, ಕೊನೆಯ ದೃಶ್ಯವನ್ನು ಓಡಿಸಿಬಿಡುತ್ತಾರೆ. ಮಂಡ್ಯದ ಹಿರಿಯ ಹಾರ್ಮೋನಿಯಂ ಮೇಷ್ಟ್ರೊಬ್ಬರನ್ನು ನಾನು ಒಮ್ಮೆ ಕೇಳಿದ್ದೆ.

‘ಮೇಷ್ಟ್ರೇ, ಗಾಣದ ದೃಶ್ಯಕ್ಕೆ ಅಷ್ಟೊಂದು ಹಾಡು ಇಟ್ಟಿದ್ದೀರಿ. ವರ ಕೇಳುವಾಗ ಒಂದು ಕಂದವನ್ನಾದರೂ ಇಡಬಾರದೆ?’

‘ಅಯ್ಯೋ, ಅಷ್ಟೊತ್ಗೆ ಮೂಡ್ಲು ಕೆಂಪಾಗಿರ್ತದೆ ಸ್ವಾಮಿ. ಜನ ಎದ್ದು ಚಾಪೆ ಸುತ್ಕೋತಾ ಇರ್ತಾರೆ. ಹಾಡಾದ್ರೆ ಯಾರು ಕೇಳ್ತಾರೆ?’

ಅವರ ಮಾತಿನಲ್ಲಿ ತಪ್ಪು ಹುಡುಕಲಾಗದು. ಸಂಕಟದ ದೃಶ್ಯಗಳಿಗೆ ಇರುವ ಸೆಳೆತ ಸಂಕಟದ ಫಲಕ್ಕೆ ಇರುವುದಿಲ್ಲ ಎಂಬುದು ರಂಗಭೂಮಿಯ ಹಳೆಯ ತೊಡಕು.

ವಿಕ್ರಮನ ವರವನ್ನು ಮನಸ್ಸಿನಲ್ಲಿಟ್ಟುಕೊಂಡು ಕಾಳಿದಾಸನ ಶಾಕುಂತಲಕ್ಕೆ ಹೋದರೆ, ಆರನೆಯ ಅಂಕದಲ್ಲಿ ಹೆಚ್ಚು ಜನ ಗಮನಿಸದ ಒಂದು ಪ್ರಸಂಗ ಎದ್ದು ಕಾಣುತ್ತದೆ. ಈ ನಾಟಕಕ್ಕೂ ಮೈಸೂರಿಗೂ ಹಳೆಯ ನಂಟು. ಅರಮನೆಯ ಆಸ್ಥಾನ ವಿದ್ವಾಂಸರಾಗಿದ್ದ ಬಸವಪ್ಪ ಶಾಸ್ತ್ರಿಗಳು ಇದನ್ನು ಕನ್ನಡಕ್ಕೆ ತಂದು ‘ಅಭಿನವ ಕಾಳಿದಾಸ’ ಎನಿಸಿಕೊಂಡರು. ಉಂಗುರ ಸಿಕ್ಕಿ ನೆನಪು ಮರುಕಳಿಸಿದ ಮೇಲೆ ದುಷ್ಯಂತ ಪಶ್ಚಾತ್ತಾಪದಲ್ಲಿ ಬೇಯುತ್ತಿದ್ದಾನೆ, ವಸಂತೋತ್ಸವವನ್ನೇ ನಿಲ್ಲಿಸಿದ್ದಾನೆ, ಶಕುಂತಲೆಯ ಚಿತ್ರ ಬರೆದುಕೊಂಡು ಕೂತಿದ್ದಾನೆ. ಇಷ್ಟರವರೆಗೆ ಅದು ವಿರಹಿಯ ವರ್ಣನೆ, ಅಷ್ಟೇ. ಆಗ ಮಂತ್ರಿಯಿಂದ ಒಂದು ಕಾಗದ ಬರುತ್ತದೆ. ಧನಮಿತ್ರನೆಂಬ ಸಮುದ್ರ ವ್ಯಾಪಾರಿ ಹಡಗು ಮುಳುಗಿ ಸತ್ತಿದ್ದಾನೆ, ಅವನಿಗೆ ಮಕ್ಕಳಿಲ್ಲ, ಅವನ ಸಂಪತ್ತೆಲ್ಲ ಬೊಕ್ಕಸಕ್ಕೆ ಸೇರಬೇಕು. ದುಷ್ಯಂತ ಸಹಿ ಹಾಕಿ ಕಳಿಸುವುದಿಲ್ಲ. ಅವನ ಹೆಂಡತಿಯರಲ್ಲಿ ಯಾರಾದರೂ ಗರ್ಭಿಣಿಯೇ ಎಂದು ವಿಚಾರಿಸುತ್ತಾನೆ. ಒಬ್ಬಳಿದ್ದಾಳೆ ಎಂದು ತಿಳಿದಾಗ ಹುಟ್ಟುವ ಮಗುವಿಗೇ ಆಸ್ತಿ ಎಂದು ತೀರ್ಮಾನಿಸುತ್ತಾನೆ. ಅಷ್ಟಕ್ಕೇ ನಿಲ್ಲದೆ, ಪ್ರಜೆಗಳಲ್ಲಿ ಯಾರು ಯಾವ ಬಂಧುವನ್ನು ಕಳೆದುಕೊಂಡರೂ, ಪಾಪದ ಸಂಬಂಧವೊಂದನ್ನು ಬಿಟ್ಟು, ಆ ಬಂಧುವಿನ ಜಾಗದಲ್ಲಿ ದುಷ್ಯಂತನಿದ್ದಾನೆ ಎಂದು ಡಂಗುರ ಸಾರಿಸುತ್ತಾನೆ.

ಐದನೆಯ ಅಂಕದಲ್ಲಿ ಇದೇ ದೊರೆ ಬಸುರಿ ಹೆಣ್ಣೊಬ್ಬಳು ಎದುರಿಗೆ ನಿಂತು ಹೇಳಿದರೂ ನಂಬಿರಲಿಲ್ಲ. ಈಗ ಕಣ್ಣಿಗೆ ಕಾಣದ ಬಸುರಿಯೊಬ್ಬಳ ಪರವಾಗಿ ತಾನೇ ಪ್ರಶ್ನೆ ಎತ್ತುತ್ತಾನೆ. ಕಾಳಿದಾಸ ಇದನ್ನು ಎಲ್ಲಿಯೂ ವಿವರಿಸುವುದಿಲ್ಲ, ಎರಡು ಅಂಕಗಳನ್ನು ಅಕ್ಕಪಕ್ಕ ಇಟ್ಟು ಸುಮ್ಮನಾಗುತ್ತಾನೆ. ದೂರ್ವಾಸರ ಶಾಪವನ್ನು ತಂದು ದುಷ್ಯಂತನ ತಪ್ಪನ್ನು ಹಗುರ ಮಾಡಿಬಿಟ್ಟ ಎಂಬ ಆಕ್ಷೇಪ ಕಾಳಿದಾಸನ ಮೇಲಿದೆ, ಅದು ಸುಳ್ಳಲ್ಲ. ಆದರೆ ಧನಮಿತ್ರನ ಪ್ರಸಂಗವನ್ನು ಬರೆದ ಕವಿಗೆ ಶಾಪವೊಂದರಿಂದಲೇ ಲೆಕ್ಕ ಚುಕ್ತವಾಗದು ಎಂಬುದು ಗೊತ್ತಿತ್ತು.

ಇನ್ನು ಲಿಯರ್. ಕನ್ನಡಕ್ಕೆ ಈ ಕಥೆ ಬಂದು ನೂರಕ್ಕೂ ಹೆಚ್ಚು ವರ್ಷಗಳಾದವು. ಮೈಸೂರಿನವರೇ ಆದ ಎಂ. ಎಸ್. ಪುಟ್ಟಣ್ಣನವರು ಇದನ್ನು ‘ಹೇಮಚಂದ್ರರಾಜ ವಿಲಾಸ’ವಾಗಿ ನಮ್ಮವರಿಗೆ ಕೊಟ್ಟಿದ್ದರು. ಶೇಕ್ಸ್‌ಪಿಯರನ ಈ ಮುದಿ ರಾಜ ರಾಜ್ಯವನ್ನು ಮೂರು ಪಾಲು ಮಾಡಿ, ಯಾರಿಗೆ ತನ್ನ ಮೇಲೆ ಪ್ರೀತಿ ಹೆಚ್ಚು ಎಂದು ಮಕ್ಕಳಿಂದ ಬಾಯಿಬಿಟ್ಟು ಹೇಳಿಸಿಕೊಳ್ಳಲು ಹೊರಟವನು. ಹೊಗಳಲು ಬಾರದ ಕಿರಿಮಗಳು ಕಾರ್ಡೀಲಿಯಾಳನ್ನು ಹೊರಗಟ್ಟುತ್ತಾನೆ, ಅವಳ ಪರ ಮಾತಾಡಿದ ಕೆಂಟನನ್ನು ಗಡೀಪಾರು ಮಾಡುತ್ತಾನೆ. ಆಮೇಲೆ ಅವನ ಕಷ್ಟ ಬರುವ ಕ್ರಮವನ್ನು ನೋಡಬೇಕು. ಅಧಿಕಾರ ಬಿಟ್ಟುಕೊಟ್ಟರೂ ನೂರು ಜನ ಸವಾರರ ಪರಿವಾರವನ್ನು ಇಟ್ಟುಕೊಂಡಿದ್ದಾನೆ. ಒಬ್ಬ ಮಗಳು ಅದನ್ನು ಐವತ್ತಕ್ಕೆ ಇಳಿಸುತ್ತಾಳೆ, ಇನ್ನೊಬ್ಬಳು ಇಪ್ಪತ್ತೈದು ಸಾಕೆನ್ನುತ್ತಾಳೆ, ಹತ್ತು ಏಕೆ, ಐದು ಏಕೆ, ಒಬ್ಬನಾದರೂ ಏಕೆ ಬೇಕು ಎಂಬಲ್ಲಿಗೆ ಚೌಕಾಶಿ ಮುಟ್ಟುತ್ತದೆ. ಪ್ರೀತಿಯನ್ನು ಅಳೆದು ಹಂಚಲು ಹೊರಟವನ ಮುಂದೆಯೇ ಅವನ ಮಾನ ಅಂಕಿಗಳಲ್ಲಿ ಕರಗುತ್ತದೆ.

ಬಿರುಗಾಳಿಯ ರಾತ್ರಿಯ ದೃಶ್ಯಗಳು ಬರುವುದು ಮೂರನೆಯ ಅಂಕದಲ್ಲಿ. ಅಲ್ಲಿನ ಗುಡುಗಿನಂಥ ಮಾತುಗಳು ಪ್ರಸಿದ್ಧ. ನನಗೆ ಅವುಗಳಿಗಿಂತ ಮುಖ್ಯವೆನಿಸುವುದು ಒಂದು ಸಣ್ಣ ನಡವಳಿಕೆ. ಆಸರೆಗಾಗಿ ಗುಡಿಸಲೊಂದು ಸಿಕ್ಕಾಗ ಲಿಯರ್ ತಾನು ಮೊದಲು ಒಳಗೆ ಹೋಗುವುದಿಲ್ಲ; ಚಳಿಯಲ್ಲಿ ನಡುಗುತ್ತಿರುವ ವಿದೂಷಕನಿಗೆ ನೀನು ಮೊದಲು ಹೋಗು ಎನ್ನುತ್ತಾನೆ. ಹುಟ್ಟಿದಂದಿನಿಂದ ಎಲ್ಲ ಬಾಗಿಲುಗಳನ್ನೂ ಮೊದಲು ದಾಟಿದ ಮನುಷ್ಯ ಅವನು. ವಿದೂಷಕ ಒಳಗೆ ಹೋದ ಮೇಲೆ ಹೊರಗೆ ನಿಂತು, ಇಂಥ ಮಳೆಯಲ್ಲಿ ಮೈಮೇಲೆ ಬಟ್ಟೆಯಿಲ್ಲದ, ತಲೆಯ ಮೇಲೆ ಸೂರಿಲ್ಲದ ಬಡವರು ಹೇಗಿರುತ್ತಾರೆ, ನಾನು ದೊರೆಯಾಗಿದ್ದಾಗ ಇದನ್ನು ಎಷ್ಟು ಕಡಿಮೆ ಲೆಕ್ಕಿಸಿದೆ ಎಂದುಕೊಳ್ಳುತ್ತಾನೆ. ಗಾಣದಿಂದ ಇಳಿದ ವಿಕ್ರಮನ ವರವೂ ಧನಮಿತ್ರನ ಹೆಂಡತಿಯ ವಿಷಯದಲ್ಲಿ ದುಷ್ಯಂತನಾಡಿದ ಮಾತೂ ಈ ಮಾತಿನ ಪಕ್ಕದಲ್ಲೇ ನಿಲ್ಲುತ್ತವೆ. ಮೂವರೂ ಅರಸರು ಎಂಬುದು ಕಾಕತಾಳೀಯವಲ್ಲ. ಇತರರ ಪಾಡು ಕಾಣದಂತೆ ನಡುವೆ ಗೋಡೆಗಳಿರುವುದು ಅರಸನಿಗೆ. ಆ ಗೋಡೆ ಬಿದ್ದಾಗ ಮೊದಲ ಬಾರಿಗೆ ಕಾಣುವುದೂ ಅವನಿಗೇ. ಗುಡಿಸಲಿನಲ್ಲೇ ಹುಟ್ಟಿದವನಿಗೆ ಈ ಜ್ಞಾನೋದಯದ ಅಗತ್ಯವಿರಲಿಲ್ಲ ಎಂಬುದನ್ನೂ ಇಲ್ಲಿ ಹೇಳಿಬಿಡಬೇಕು. ವಿಕ್ರಮನನ್ನು ಎತ್ತಿಕೊಂಡು ಹೋದ ಗಾಣಿಗ ಯಾವ ಶನಿಯ ಪಾಠವೂ ಇಲ್ಲದೆ ಕನಿಕರ ತೋರಿಸಿದನಲ್ಲ.

ಆದರೆ ಶೇಕ್ಸ್‌ಪಿಯರ್ ಲಿಯರನನ್ನು ಆ ಎತ್ತರದಲ್ಲಿ ನಿಲ್ಲಗೊಡುವುದಿಲ್ಲ. ಬಡವರನ್ನು ನೆನೆದ ಬೆನ್ನಿಗೇ ಗುಡಿಸಲಿನಿಂದ ಅರೆಬೆತ್ತಲೆ ಭಿಕ್ಷುಕನೊಬ್ಬ ಹೊರಬರುತ್ತಾನೆ. ಅವನು ಮಾರುವೇಷದಲ್ಲಿರುವ, ಗ್ಲಾಸ್ಟರ್ ಎಂಬ ಸರದಾರನ ಮಗ ಎಡ್ಗರ್. ಅವನನ್ನು ನೋಡಿದೊಡನೆ ಲಿಯರ್ ಕೇಳುವುದು, ನೀನೂ ನಿನ್ನ ಹೆಣ್ಣುಮಕ್ಕಳಿಗೆ ಎಲ್ಲವನ್ನೂ ಕೊಟ್ಟು ಹೀಗಾದೆಯಾ ಎಂದು! ಎದುರಿಗೆ ನಿಂತ ನಿಜವಾದ ಬಡತನದಲ್ಲೂ ಅವನಿಗೆ ಕಾಣುವುದು ತನ್ನದೇ ಕಥೆ. ಅಲ್ಲಿಂದ ಮುಂದೆ ಬಟ್ಟೆ ಕಿತ್ತೆಸೆಯುವುದು, ಬುದ್ಧಿ ಕದಡುವುದು. ಬೆಳವಣಿಗೆ ಎಂಬುದು ಮೆಟ್ಟಿಲು ಹತ್ತುವಂತೆ ಒಂದೇ ದಿಕ್ಕಿನಲ್ಲಿ ಸಾಗುವುದಿಲ್ಲ ಎಂಬುದನ್ನು ಬಲ್ಲ ನಾಟಕಕಾರ ಮಾತ್ರ ಹೀಗೆ ಬರೆಯಬಲ್ಲ. ನಮ್ಮ ನಿರ್ದೇಶಕರು ಹಲವರು ಬಡವರ ಕುರಿತ ಮಾತನ್ನು ಬೆಳಕು ಹಾಕಿ, ಸಂಗೀತ ಕೊಟ್ಟು ನಾಟಕದ ತಿರುವೆಂಬಂತೆ ಆಡಿಸುತ್ತಾರೆ. ಅದು ತಿರುವಲ್ಲ, ಮೊದಲ ಮಿಂಚು.

ಅದೇ ನಾಟಕದ ಗ್ಲಾಸ್ಟರನದು ಇದಕ್ಕೆ ಜೋಡಿ ಕಥೆ. ಮೊದಲ ದೃಶ್ಯದಲ್ಲಿ ತನ್ನ ದಾಸಿಪುತ್ರನ ಹುಟ್ಟಿನ ಬಗ್ಗೆ ಅವನೆದುರಿಗೇ ಹಾಸ್ಯ ಮಾಡಿದವನು, ಎರಡೂ ಕಣ್ಣು ಕಳೆದುಕೊಂಡ ಮೇಲೆ ದಾರಿ ತೋರಿಸುವ ಭಿಕ್ಷುಕನ ಕೈಗೆ ಹಣದ ಚೀಲವಿತ್ತು, ಹೆಚ್ಚಿದ್ದದ್ದು ಹಂಚಿಹೋಗಿ ಎಲ್ಲರಿಗೂ ಸಾಕಷ್ಟು ಸಿಗಲಿ ಎನ್ನುತ್ತಾನೆ. ಅವನ ಕಣ್ಣು ಕೀಳುವ ದೃಶ್ಯದಲ್ಲಿ ಇನ್ನೊಬ್ಬನೂ ಇದ್ದಾನೆ. ಚಿಕ್ಕಂದಿನಿಂದ ಒಡೆಯನ ಊಳಿಗ ಮಾಡಿದ, ನಾಟಕದಲ್ಲಿ ಹೆಸರೂ ಇಲ್ಲದ ಸೇವಕ. ಆ ಕ್ರೌರ್ಯವನ್ನು ನೋಡಲಾರದೆ, ಕಣ್ಣು ಕೀಳುತ್ತಿದ್ದ ಒಡೆಯನ ಮೇಲೆಯೇ ಕತ್ತಿ ಹಿರಿದು, ಅಲ್ಲೇ ಪ್ರಾಣ ಬಿಡುತ್ತಾನೆ. ಮಾತು ನಾಲ್ಕಾರು ಸಾಲು, ರಂಗದ ಮೇಲಿರುವುದು ಕೆಲವೇ ನಿಮಿಷ. ಬದುಕಿನುದ್ದದ ವಿಧೇಯತೆ ಅಷ್ಟರಲ್ಲಿ ಮುರಿದುಬೀಳುತ್ತದೆ, ಅದೂ ತನ್ನ ಕಷ್ಟದಿಂದಲ್ಲ, ಬೇರೆಯವರ ಕಷ್ಟದಿಂದ. ಈ ನಾಟಕದಲ್ಲಿ ಅಭಿನಯಿಸಲು ಒಂದು ಪಾತ್ರ ಆರಿಸಿಕೊಳ್ಳಿ ಎಂದರೆ ನಾನು ಇದನ್ನೇ ಕೇಳುತ್ತೇನೆ. ಲಿಯರ್ ನನ್ನಂಥವರಿಗೆ ದಕ್ಕುವವನೂ ಅಲ್ಲ.

ಬದಲಾದಂತೆ ತೋರಿ ಬದಲಾಗದ ಪಾತ್ರಗಳ ಕಡೆಗೆ ಬಂದರೆ, ಗ್ರೀಕ್ ನಾಟಕಕಾರ ಸೊಫೊಕ್ಲಿಸನ ‘ಏಜಾಕ್ಸ್’ ನೆನಪಾಗುತ್ತದೆ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಅಧ್ಯಾಪಕರಾಗಿದ್ದ ಬಿ. ಎಂ. ಶ್ರೀಕಂಠಯ್ಯನವರು ಈ ನಾಟಕವನ್ನು ಮಹಾಭಾರತಕ್ಕೆ ಅಳವಡಿಸಿ 1929ರಲ್ಲಿ ‘ಅಶ್ವತ್ಥಾಮನ್’ ಬರೆದರು. ಮೂಲದಲ್ಲಿ, ಸತ್ತ ಅಕಿಲೀಸನ ಆಯುಧಗಳು ತನಗೆ ಸಿಗಲಿಲ್ಲವೆಂಬ ಅವಮಾನಕ್ಕೆ ಏಜಾಕ್ಸ್ ತನ್ನ ಪಾಳೆಯದ ನಾಯಕರನ್ನೇ ಕೊಲ್ಲಲು ಹೊರಡುತ್ತಾನೆ. ಅಥೀನಾ ದೇವತೆ ಕವಿಸಿದ ಹುಚ್ಚಿನಲ್ಲಿ ದನಕರುಗಳನ್ನು ಕಡಿದುಹಾಕುತ್ತಾನೆ. ಭ್ರಮೆ ಇಳಿದ ಮೇಲೆ ನಾಚಿಕೆಯಲ್ಲಿ ಕುದಿಯುತ್ತಿರುವವನು ನಾಟಕದ ನಡುವೆ ಒಂದು ಸುಂದರವಾದ ಮಾತಾಡುತ್ತಾನೆ. ಕಾಲ ಎಲ್ಲವನ್ನೂ ಬದಲಿಸುತ್ತದೆ, ಚಳಿಗಾಲ ಬೇಸಿಗೆಗೆ ದಾರಿ ಬಿಡುತ್ತದೆ, ನಾನೂ ಮೆತ್ತಗಾಗಿದ್ದೇನೆ, ಹೆಂಡತಿ ಮಗುವನ್ನು ನೆನೆದು ಕನಿಕರವಾಗುತ್ತಿದೆ. ಸುತ್ತಲಿನವರು ಅವನು ಗೆದ್ದನೆಂದು ಕುಣಿಯುತ್ತಾರೆ. ಅವನು ಸಮುದ್ರದ ದಂಡೆಗೆ ಹೋಗಿ ಕತ್ತಿಯ ಮೇಲೆ ಬಿದ್ದು ಸಾಯುತ್ತಾನೆ. ಆ ಮಾತು ಸುಳ್ಳೋ, ಆಡುವ ಹೊತ್ತಿಗೆ ನಿಜವಾಗಿತ್ತೋ ಎಂಬ ಚರ್ಚೆ ವಿದ್ವಾಂಸರಲ್ಲಿ ಇಂದಿಗೂ ಮುಗಿದಿಲ್ಲ. ನನ್ನ ಮಟ್ಟಿಗೆ ಅವನಿಗೆ ಆ ಕನಿಕರ ನಿಜಕ್ಕೂ ಮೂಡಿತ್ತು. ಅದನ್ನು ಇಟ್ಟುಕೊಂಡು ಬದುಕುವುದು ತನ್ನಿಂದಾಗದು ಎಂದೂ ಅವನಿಗೆ ಗೊತ್ತಿತ್ತು. ವೀರನಾಗಿ ಹುಟ್ಟಿದವನಿಗೆ ಬೇರೆ ಮನುಷ್ಯನಾಗುವುದು ಸಾವಿಗಿಂತ ಕಷ್ಟವಾಯಿತು. ಅಲ್ಲಿ ನಿಜವಾಗಿ ನಿಲುವು ತೋರುವವನು ಅವನ ಶತ್ರು ಒಡಿಸ್ಯೂಸ್. ಏಜಾಕ್ಸನ ದುರವಸ್ಥೆಯನ್ನು ನೋಡಿ ನಾಳೆ ನನಗೂ ಇದೇ ಗತಿ ಎಂದುಕೊಂಡವನು, ಕೊನೆಯಲ್ಲಿ ಹೆಣಕ್ಕೆ ಮಣ್ಣು ಸಿಗಲೇಬೇಕೆಂದು ವಾದಿಸಿ ಗೆಲ್ಲುತ್ತಾನೆ.

ಕೆಡುವವರ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಗಿರೀಶ ಕಾರ್ನಾಡರ 1964ರ ‘ತುಘಲಕ್’ ಒಂದೇ ಸಾಕು. ಪ್ರಜೆಗಳೆಲ್ಲ ಸಮಾನರೆಂಬ ಕನಸಿನಿಂದ ಹೊರಟ ಸುಲ್ತಾನನಿಗೆ ಸೋಲುಗಳು ಒಂದರ ಮೇಲೊಂದು ಬಂದು ಅಪ್ಪಳಿಸುತ್ತವೆ, ಪ್ರತಿಯೊಂದು ಪೆಟ್ಟಿಗೂ ಅವನ ಕಣ್ಣಿನ ಹರವು ಕಿರಿದಾಗುತ್ತ ಹೋಗುತ್ತದೆ. ಕಷ್ಟ ಅವನಿಗೂ ಬಂತು, ಬುದ್ಧಿ ಎಲ್ಲರಿಗಿಂತ ಹೆಚ್ಚಾಗಿಯೇ ಇತ್ತು. ಕೊನೆಗೆ ಉಳಿದದ್ದು ನಿದ್ದೆಯಿಲ್ಲದ ದಣಿವು.

ಏನನ್ನೂ ಕಲಿಯದೆ ಮುಂದೆ ಸಾಗುವವಳು ಜರ್ಮನ್ ನಾಟಕಕಾರ ಬ್ರೆಕ್ಟನ ಮದರ್ ಕರೇಜ್. ಯುರೋಪಿನ ಮೂವತ್ತು ವರ್ಷಗಳ ಯುದ್ಧದ ಕಾಲದಲ್ಲಿ ಗಾಡಿ ಎಳೆದುಕೊಂಡು ಸೈನಿಕರಿಗೆ ಸಾಮಾನು ಮಾರುವ ಈ ತಾಯಿ ಮೂವರು ಮಕ್ಕಳನ್ನೂ ಅದೇ ಯುದ್ಧಕ್ಕೆ ಬಲಿ ಕೊಡುತ್ತಾಳೆ. ಒಬ್ಬ ಮಗನನ್ನು ಬಿಡಿಸಿಕೊಳ್ಳಲು ಲಂಚದ ಮೊತ್ತಕ್ಕೆ ಚೌಕಾಶಿ ಮಾಡುತ್ತ ಕೂತದ್ದರಿಂದಲೇ ಅವನ ಜೀವ ಹೋಗುತ್ತದೆ. ಮಗಳ ಮುಖಕ್ಕೆ ಗಾಯವಾದಾಗ ಯುದ್ಧಕ್ಕೆ ಶಾಪ ಹಾಕಿದವಳು ಮುಂದಿನ ದೃಶ್ಯದಲ್ಲೇ ಯುದ್ಧವನ್ನು ಹೊಗಳುತ್ತಾಳೆ. 1941ರಲ್ಲಿ ಜೂರಿಚ್‌ನಲ್ಲಿ ಮೊದಲ ಪ್ರಯೋಗವಾದಾಗ ಜನ ಅವಳಲ್ಲಿ ದುಃಖದ ಮಹಾತಾಯಿಯನ್ನು ಕಂಡು ಮರುಗಿದರು. ಬ್ರೆಕ್ಟನಿಗೆ ಅದು ಸರಿಬರಲಿಲ್ಲ. 1949ರ ಬರ್ಲಿನ್ ಪ್ರಯೋಗದ ಹೊತ್ತಿಗೆ ಅವಳ ವ್ಯಾಪಾರಿ ಬುದ್ಧಿ ಇನ್ನಷ್ಟು ಎದ್ದು ಕಾಣುವಂತೆ ಕೆಲವು ದೃಶ್ಯಗಳನ್ನು ತಿದ್ದಿದ. ಅವಳು ಕಲಿಯದಿರುವುದನ್ನು ಪ್ರೇಕ್ಷಕರು ಕಾಣಬೇಕು ಎಂಬುದು ಅವನ ಲೆಕ್ಕ. ಆದರೆ ಆ ನಾಟಕದಲ್ಲೂ ಬೆಳೆಯುವ ಪಾತ್ರವೊಂದಿದೆ: ಮಾತು ಬಾರದ ಮಗಳು ಕಾಟ್ರಿನ್. ಶತ್ರುಸೈನ್ಯ ಸದ್ದಿಲ್ಲದೆ ಊರೊಂದನ್ನು ಮುತ್ತಲು ಬಂದಾಗ, ಅಲ್ಲಿನ ಮಕ್ಕಳನ್ನು ನೆನೆದು ಸೂರಿನ ಮೇಲೆ ಹತ್ತಿ ತಮಟೆ ಬಾರಿಸಿ ಊರನ್ನು ಎಬ್ಬಿಸುತ್ತಾಳೆ, ಗುಂಡಿಗೆ ಬಲಿಯಾಗುತ್ತಾಳೆ. ತಾಯಿ ಮತ್ತು ಮಗಳು ಅದೇ ಗಾಡಿಯನ್ನು, ಅದೇ ಹಾದಿಯಲ್ಲಿ, ಅದೇ ವರ್ಷಗಳಲ್ಲಿ ಎಳೆದವರು. ಕಷ್ಟದ ಪ್ರಮಾಣ ಪಾತ್ರದ ಬದಲಾವಣೆಯನ್ನು ನಿರ್ಧರಿಸುವುದಿಲ್ಲ ಎಂಬುದಕ್ಕೆ ಇದಕ್ಕಿಂತ ನೇರವಾದ ಉದಾಹರಣೆ ಬೇಕಿಲ್ಲ.

ಬೆಳೆದ ಪಾತ್ರಕ್ಕೆ ಕೊನೆಯಲ್ಲಿ ಏನಾದರೂ ಸಿಗಬೇಕೇ ಎಂಬ ಪ್ರಶ್ನೆಯಲ್ಲಿ ಲಿಯರನಿಗೂ ವಿಕ್ರಮನಿಗೂ ದಾರಿ ಬೇರೆಯಾಗುತ್ತದೆ. ಮಗಳ ಮುಂದೆ ಮಂಡಿಯೂರಿ ಕ್ಷಮೆ ಕೇಳುವಷ್ಟು ಬದಲಾದ ಲಿಯರನಿಗೆ ಆ ಮಗಳ ಹೆಣ ಸಿಗುತ್ತದೆ. ಇದನ್ನು ಇಂಗ್ಲೆಂಡಿನವರೂ ಸಹಿಸಲಿಲ್ಲ. 1681ರಲ್ಲಿ ನಹುಮ್ ಟೇಟ್ ಎಂಬ ಕವಿ ಕಾರ್ಡೀಲಿಯಾ ಬದುಕುಳಿದು ಎಡ್ಗರನನ್ನು ಮದುವೆಯಾಗುವಂತೆ, ಲಿಯರನಿಗೆ ರಾಜ್ಯ ಮರಳುವಂತೆ ತಿದ್ದಿ ಬರೆದ. 1838ರಲ್ಲಿ ಮೆಕ್ರೀಡಿ ಎಂಬ ನಟ ಮೂಲಕ್ಕೆ ಮರಳುವವರೆಗೆ, ಒಂದೂವರೆ ಶತಮಾನದಷ್ಟು ಕಾಲ, ರಂಗದ ಮೇಲೆ ಟೇಟನ ಮಂಗಳಾಂತ್ಯದ್ದೇ ಮೇಲುಗೈ. ವಿಕ್ರಮನಿಗೆ ಕೈಕಾಲು, ರಾಜ್ಯ, ರಾಜಕುಮಾರಿ ಎಲ್ಲವೂ ದೊರೆಯುವುದನ್ನು ಕಂಡು ನಮ್ಮ ಹಳ್ಳಿಯ ನಾಟಕಗಳು ಬಾಲಿಶವೆನ್ನುವವರು ಟೇಟನ ಪ್ರೇಕ್ಷಕರನ್ನೂ ನೆನೆಯುವುದು ನ್ಯಾಯ. ಎಲ್ಲವೂ ಮರಳಿದರೆ ಪಟ್ಟ ಕಷ್ಟಕ್ಕೆ ಬೆಲೆ ಏನುಳಿಯಿತು ಎಂಬ ಅವರ ತಕರಾರಿನಲ್ಲಿ ಮಾತ್ರ ತೂಕವಿದೆ.

ಆ ತಕರಾರಿಗೆ ವಿಕ್ರಮನ ಕಥೆ ಹೇಳುವ ಶನಿಮಹಾತ್ಮೆ ತನ್ನದೇ ರೀತಿಯಲ್ಲಿ ಉತ್ತರ ಇಟ್ಟುಕೊಂಡಿದೆ. ವಿಕ್ರಮ ಕೇಳಿದ ವರವನ್ನು ಶನಿ ಇಡಿಯಾಗಿ ಕೊಡುವುದಿಲ್ಲ, ಕೊಟ್ಟಿದ್ದರೆ ಅವನಿಗೆ ಕೆಲಸವೇ ಇರುತ್ತಿರಲಿಲ್ಲ. ನಿನ್ನ ಈ ಕಥೆಯನ್ನು ಓದಿದವರನ್ನು, ಕೇಳಿದವರನ್ನು ಕಾಡುವುದಿಲ್ಲ ಎಂದು ಮಾತು ಕೊಡುತ್ತಾನೆ. ನಮ್ಮ ಸೀಮೆಯಲ್ಲಿ ಗ್ರಹಚಾರ ಕೆಟ್ಟಿದೆ ಎನಿಸಿದ ಮನೆಯವರು ಶನಿಕಥೆ ಓದಿಸುವುದು, ಹರಕೆ ಹೊತ್ತ ಊರಿನವರು ಈ ನಾಟಕ ಆಡಿಸುವುದು ಆ ಮಾತಿನ ಮೇಲೆ. ಹಾಗಾಗಿ ಬೆಳಗಿನ ಜಾವ ಚಾಪೆ ಸುತ್ತಿಕೊಂಡು ಏಳುವ ಪ್ರೇಕ್ಷಕ, ಮೇಷ್ಟ್ರು ಹಾಡಿಸದೆ ಬಿಟ್ಟ ಆ ಒಂದು ಕಂದವನ್ನು ಕೇಳಿರಲಿ ಬಿಡಲಿ, ವಿಕ್ರಮ ಯಾರಿಗಾಗಿ ವರ ಬೇಡಿದನೋ ಅವರಲ್ಲಿ ಒಬ್ಬನಾಗಿಯೇ ಮನೆಗೆ ಹೋಗುತ್ತಾನೆ.